ಕೆಂಚಕ್ಕನ ಆಟದಲ್ಲಿ ಸತ್ತವರು

ನಮ್ಮಕ್ಕ ಕೆಂಚಮ್ಮ ಬಲಗೈಲಿ ರಾಟೆ ತಿರುಗಿಸುತ್ತ, ಎಡಗೈಲಿ ಉಣ್ಣೆ ಎಳೆಯುತ್ತ, ಬಾಯಲ್ಲಿ ಕೋಟೆ ಕಟ್ಟುತ್ತಿದ್ದಳು. ಚಿಕ್ಕಂದಿನಲ್ಲಿ ಬಂದ ಜ್ವರಕ್ಕೆ ಆಕೆಯ ಎರಡೂ ಕಾಲು ಸೊರಗಿಹೋಗಿದ್ದವು. ಭರಮಸಾಗರದ ನಮ್ಮ ಮನೆಯ ಜಗಲಿ ಬಿಟ್ಟು ಹೋದದ್ದೇ ಕಡಿಮೆ. ದುರ್ಗದ ಕೋಟೆಯನ್ನು ಕಂಡದ್ದು ಒಂದೇ ಸಲ, ಅದೂ ಅಪ್ಪನ ಹೆಗಲ ಮೇಲೆ ಕೂತು, ಕೆಳಗಿನಿಂದ. ಆದರೆ ಆಕೆ ಕಟ್ಟಿದ ಕೋಟೆಗೆ ಏಳು ಬಾಗಿಲುಗಳಿದ್ದವು. ಒಂದೊಂದು ಬಾಗಿಲೂ ನಮಗೆ ನಮ್ಮ ಹಿತ್ತಿಲಿನಷ್ಟು ಗೊತ್ತು.

ಎಪ್ಪತ್ತರ ದಶಕ. ಮಧ್ಯಾಹ್ನ ಕುರಿಗಳು ಕೆರೆ ಏರಿಯ ನೆರಳಲ್ಲಿ ಮಲಗಿದ ಮೇಲೆ ನಾವು ನಾಲ್ಕೈದು ಜನ ಜಗಲಿಗೆ ಬರುತ್ತಿದ್ದೆವು. ಅಕ್ಕ ಶುರು ಮಾಡುವಳು. "ಎರಡನೇ ಬಾಗಿಲ ಮುಂದೆ ನಿಂತಿದೀರಿ. ಒಳಗೆ ಯಾರೋ ಕೆಮ್ಮಿದ್ರು. ಏನ್ ಮಾಡ್ತೀರಿ?" ಇಷ್ಟು ಕೇಳಿ ಸುಮ್ಮನಾಗುವಳು. ಏನು ಮಾಡುತ್ತೇವೆಂದು ನಾವು ಹೇಳಬೇಕು. ಅದು ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದರೆ ನಾಲ್ಕು ಹುಣಸೆ ಬೀಜ ಎಸೆಯಬೇಕು. ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿರುತ್ತಿದ್ದೆವು. ಬಿಳುಪು ಹೆಚ್ಚು ಬಿದ್ದರೆ ಆಯಿತು, ನಾಲ್ಕೂ ಕಪ್ಪು ಬಿದ್ದರೆ ಸಾವು.

ನಮ್ಮ ಸೋದರಮಾವನ ಮಗ ಬಸ್ಯ ಮೀಸೆ ಬಂದರೂ ಬಾವಿ ಇಣುಕಲು ಹೆದರುವವನು. ಆ ಎರಡನೇ ಬಾಗಿಲಲ್ಲಿ ಅವನು, "ನಾನು ಒಳಕ್ಕೆ ಬರಲ್ಲ. ಇಲ್ಲೇ ಕುಂತ್ಕಂತೀನಿ" ಅಂದ.

"ಹಂಗಾದ್ರೆ ಬಳೆ ತೊಟ್ಕಂಡು ಮನೇಲಿ ಕುಂತ್ಕಳಲೇ" ಎಂದು ನಾನು ಆಡಿಕೊಂಡೆ.

ಅಕ್ಕ ರಾಟೆ ನಿಲ್ಲಿಸಿದಳು. "ಕುಂತ್ಕಳೋದೂ ಒಂದು ಕೆಲಸನೇ ಕಣಲೇ ಸಿದ್ದ. ನಾನೇನ್ ಮಾಡ್ತಿದೀನಿ ಮತ್ತೆ?"

ಬಸ್ಯ ಎರಡು ದಿನ ಬಾಗಿಲಲ್ಲೇ ಕೂತ. ನಾವು ಗೋಡೆ ಹತ್ತಲು ಹೋಗಿ ಬಿದ್ದೆವು. ಮೂರನೇ ದಿನ ಅಕ್ಕ ದನಿ ತಗ್ಗಿಸಿ, "ಬಸ್ಯ, ಕೆಮ್ಮೋನು ಉಚ್ಚೆ ಹೊಯ್ಯಕ್ಕೆ ಆಚೆ ಬಂದವ್ನೆ. ಬಾಗಿಲು ತೆರೆದೈತೆ. ನೋಡಿರೋನು ನೀನೊಬ್ನೇ" ಅಂದಳು. ಆವತ್ತು ನಾವೆಲ್ಲ ಒಳಗೆ ಹೋದದ್ದು ಅವನಿಂದ.

ಆಕೆಯದು ಇನ್ನೊಂದು ನಿಯಮವಿತ್ತು. "ಸತ್ತೋರು ಎದ್ದು ಹೋಗಂಗಿಲ್ಲ. ಇದ್ದೋರು ಅವರನ್ನ ಒಂದು ಮಾತು ಕೇಳ್ಬೋದು. ಸತ್ತೋರು ಸುಳ್ಳು ಹೇಳಂಗಿಲ್ಲ." ಒಮ್ಮೆ ನಾನು ಸತ್ತಾಗ ಬಸ್ಯ, ಅವರ ಮನೆಯ ಬೆಲ್ಲದ ಅಚ್ಚು ತಿಂದವರು ಯಾರೆಂದು ಕೇಳಿಬಿಟ್ಟ. ನಾನೇ ಎಂದು ಒಪ್ಪಿಕೊಂಡೆ. ಆಗ ಒಪ್ಪಿಕೊಳ್ಳುವುದು ನನಗೆ ಕಷ್ಟವಾಗಿರಲಿಲ್ಲ.

ಊರಿಗೆ ಯಾರು ಹೊಸ ಕತೆ ತಂದರೂ ಅಕ್ಕನ ಮುಂದೆ ಹೇಳುತ್ತಿದ್ದರು. ಆಕೆ ಕೂಡಲೇ ಚೆನ್ನಾಗಿದೆ ಅನ್ನುತ್ತಿರಲಿಲ್ಲ. "ಕೇಳಿದ್ರೆ ಗೊತ್ತಾಗಲ್ಲ, ಆಡಿಸಿ ನೋಡ್ಬೇಕು. ಹೆದರೋನಿಗೂ ಅದರಾಗೆ ಜಾಗ ಐತಾ ನೋಡ್ಬೇಕು" ಅನ್ನುವಳು.

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕುರಿ ಕಾಯುವುದು ಬೇಸರವಾಗಿ ದುರ್ಗದ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಅಕ್ಷರದ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಭಾನುವಾರ ಊರಿಗೆ ಬರುತ್ತಿದ್ದೆ. ಒಂದು ಬೇಸಿಗೆ, ರಜಕ್ಕೆ ಮಕ್ಕಳಿಗೆ ಮಾರುವ ಪುಸ್ತಕಕ್ಕೆ ಏನಾದರೂ ಹೊಸದು ಹೇಳಿರೆಂದು ಮಾಲೀಕರು ಕೇಳಿದರು. ನಾನು ಏಳು ಬಾಗಿಲ ಆಟ ಹೇಳಿದೆ. ಅವರು ಕೊನೆವರೆಗೂ ಕೇಳಿ, "ಯಾರದಪ್ಪ ಈ ಕತೆ?" ಎಂದರು.

"ನಂದೇ" ಅಂದೆ.

ಬೇಕೆಂದು ಯೋಚಿಸಿ ಹೇಳಿದ ಸುಳ್ಳಲ್ಲ. ಆದರೆ ಹೇಳಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗುರುತು ಸಿಗದಿರಲೆಂದು ಕೋಟೆಯನ್ನು ದ್ವೀಪ ಮಾಡಿದೆ, ಕಾವಲಿನವನನ್ನು ರಾಕ್ಷಸ ಮಾಡಿದೆ. ಪುಟದ ಕೆಳಗೆ, ಬಾಗಿಲು ತೆರೆಯುವವರು ಇಷ್ಟನೇ ಪುಟಕ್ಕೆ ಹೋಗಿ, ಹಿಂದಿರುಗುವವರು ಇಷ್ಟನೇ ಪುಟಕ್ಕೆ ಹೋಗಿ ಎಂದು ಬರೆದೆ. ಬೀಜ ಎಸೆಯುವುದನ್ನು ಹಾಗೇ ಉಳಿಸಿಕೊಂಡೆ. ಪುಟ ಜಾಸ್ತಿಯಾಯಿತು ಎಂದು ಮಾಲೀಕರು ಹೇಳಿದಾಗ ಬಾಗಿಲಲ್ಲಿ ಕೂರುವವನನ್ನು ತೆಗೆದೆ, ಸತ್ತವರ ಮಾತು ತೆಗೆದೆ. ರಟ್ಟಿನ ಮೇಲೆ ಹಾಕುವ ನನ್ನ ಹೆಸರಿನ ಮೊಳೆಗಳನ್ನು ನಾನೇ ಜೋಡಿಸಿದೆ.

ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಚೆನ್ನಾಗಿದೆ ಎಂಬ ಮಾತು ಅಕ್ಕನ ಬಾಯಿಂದಲೇ ಬರಬೇಕೆಂದು ನನಗೆ ಆಸೆಯಾಯಿತು. ಅಕ್ಕನಿಗೆ ಓದು ಬಾರದು, ಬಸ್ಯನಿಗೆ ಬರುತ್ತಿತ್ತು. ಅದಕ್ಕೆ ರಟ್ಟು ಹರಿದು ಬಸ್ಸಿನ ಕಿಟಕಿಯಿಂದ ಎಸೆದೆ.

"ದುರ್ಗದಾಗೆ ಹೊಸ ಆಟದ ಪುಸ್ತಕ ಬಂದೈತಕ್ಕ. ಹೆಂಗೈತೆ ಹೇಳು."

"ಯಾರು ಬರ್ದಿರೋದು?"

"ಯಾರೋ ಮೇಷ್ಟ್ರಂತೆ."

"ರಟ್ಟೆಲ್ಲಿ?" ಎಂದ ಬಸ್ಯ.

"ಹರಿದೋಗೈತೆ."

ಅಕ್ಕ ರಾಟೆ ಪಕ್ಕಕ್ಕೆ ಸರಿಸಿದಳು. ಆವತ್ತು ಮೊದಲ ಸಲ ಆಕೆ ಆಡುವವರ ಸಾಲಿನಲ್ಲಿ ಕೂತಳು. ನಾನು ಓದಿದೆ. ಎರಡನೇ ಬಾಗಿಲು ಬಂತು. ಒಳಗೆ ರಾಕ್ಷಸ ಕೆಮ್ಮಿದ. "ನಾನು ಕುಂತ್ಕಂತೀನಿ" ಅಂದ ಬಸ್ಯ.

"ಕುಂತ್ಕಳಂಗಿಲ್ಲ. ತೆರೀಬೇಕು, ಇಲ್ಲ ಹಿಂದಕ್ಕೆ ಹೋಗ್ಬೇಕು."

"ಅಲ್ಲ, ಇದು ನಮ್ಮ ಬಾಗಿಲಲ್ವೇನಕ್ಕ? ಕೆಮ್ಮೋನು ಅವನೇ."

ನಾನು ಪುಟದಿಂದ ತಲೆ ಎತ್ತಲಿಲ್ಲ.

"ಕೆಮ್ಮು ಎಲ್ರಿಗೂ ಬರ್ತೈತೆ. ನೀನು ಆಡಪ್ಪ" ಅಂದಳು ಅಕ್ಕ.

ನಾಲ್ಕನೇ ಬಾಗಿಲಲ್ಲಿ ಅಕ್ಕ ಎಸೆದ ಬೀಜ ನಾಲ್ಕೂ ಕಪ್ಪು ಬಿದ್ದವು. ನಾನು ಪುಟ ತಿರುಗಿಸಿ ಓದಿದೆ: 'ನೀನು ಸತ್ತೆ. ಆಟದಿಂದ ಹೊರಗೆ ಹೋಗು.'

ಅಕ್ಕ ತನ್ನ ಕಾಲು ನೋಡಿಕೊಂಡು ನಕ್ಕಳು. "ಹೊರಗೆ ಹೋಗು ಅಂದ್ರೆ ನಾನೆಲ್ಲಿಗೆ ಹೋಗ್ಲೋ ಸಿದ್ದ?" ಆಮೇಲೆ ನಾನು ಕೇಳಿದ್ದಕ್ಕೆ ತೀರ್ಪು ಹೇಳಿದಳು. "ಬಾಗಿಲು ಚೆನ್ನಾಗವೆ. ಕೆಮ್ಮು ಚೆನ್ನಾಗೈತೆ. ಆದ್ರೆ ಬರ್ದೋನಿಗೆ ಜೊತೇಲಿರೋರು ಬೇಕಾಗಿಲ್ಲ. ಕುಂತೋನಿಗೆ ಜಾಗ ಇಲ್ಲ, ಸತ್ತೋರಿಗೆ ಜಾಗ ಇಲ್ಲ. ಕೊನೇಗೆ ಗೆದ್ದೋನು ಒಬ್ನೇ ನಿಂತ್ಕಂತಾನೆ. ಪಾಪ."

ನಾನು ಪುಸ್ತಕ ಮುಚ್ಚಿದೆ.

"ನಾನು ಸತ್ತಿದೀನಿ" ಅಂದಳು ಅಕ್ಕ. "ನಮ್ಮ ಆಟದ ಪ್ರಕಾರ ಒಂದು ಮಾತು ಕೇಳ್ಬೋದು. ಕೇಳೋದೈತಾ?"

ಬಸ್ಯ ಬಾಯಿ ತೆರೆದ. ಅಕ್ಕ ಕೈಸನ್ನೆಯಲ್ಲೇ ಅವನನ್ನು ತಡೆದಳು. ನನ್ನ ಸರದಿಯೆಂದು ಕಾದಳು. ಬರೆದವನು ನಾನೇ ಅಂತ ಗೊತ್ತಾಯಿತಾ ಅಕ್ಕ ಎಂದು ಕೇಳಿದ್ದರೆ ಸಾಕಿತ್ತು. ಉಳಿದದ್ದನ್ನು ಆಕೆಯೇ ನೋಡಿಕೊಳ್ಳುತ್ತಿದ್ದಳು.

"ಬಸ್ಸಿಗೆ ಹೊತ್ತಾಯ್ತು" ಎಂದು ಎದ್ದೆ. ಬಸ್ಸು ಬರಲು ಇನ್ನೂ ಒಂದು ಗಂಟೆ ಇತ್ತು. ಅಷ್ಟೂ ಹೊತ್ತು ಬಿಸಿಲಲ್ಲಿ ನಿಂತಿದ್ದೆ.

ಆಮೇಲೆ ಅಕ್ಕ ಆಟ ಆಡಿಸಲಿಲ್ಲ. ಯಾರಾದರೂ ಕೇಳಿದರೆ, "ಉಣ್ಣೆ ಜಾಸ್ತಿ ಬಂದೈತೆ ಕಣ್ರಪ್ಪ, ಹೊತ್ತಿಲ್ಲ" ಅನ್ನುವಳು. ನಾನು ಹೋದಾಗಲೆಲ್ಲ ರೊಟ್ಟಿ ಬಡಿದುಕೊಡಲು ಅವ್ವನಿಗೆ ಹೇಳುವಳು, ಪ್ರೆಸ್ಸಿನ ಧೂಳಿಗೆ ಕೆಮ್ಮು ಬಂತಾ ಎಂದು ಕೇಳುವಳು. ಪುಸ್ತಕದ ಮಾತು ಎತ್ತಲೇ ಇಲ್ಲ. ನಾನೂ ಎತ್ತಲಿಲ್ಲ.

ಎರಡು ವರ್ಷ ಕಳೆದು ಆಕೆಗೆ ಮತ್ತೆ ಜ್ವರ ಬಂತು. ಸುದ್ದಿ ತಿಳಿದು ನಾನು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಮ್ಮಲ್ಲಿ ಮಾಡುವ ಹಾಗೆ ಆಕೆಯನ್ನು ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು. ರಾಟೆಯ ಹಿಂದೆ ಕೂರುತ್ತಿದ್ದ ಜಾಗದಲ್ಲೇ, ಹಾಗೇ. ಬಸ್ಯ ಆಕೆಯ ಪಕ್ಕದಲ್ಲಿ ಕೂತಿದ್ದ. ನನ್ನನ್ನು ನೋಡಿ ಸರಿದು ಜಾಗ ಮಾಡಿದ.

"ಕೇಳೋದಿದ್ರೆ ಈಗ ಕೇಳು" ಅಂದ ಮೆಲ್ಲಗೆ. ಆ ಪುಸ್ತಕವನ್ನು ದುರ್ಗದ ಅಂಗಡಿಯಲ್ಲಿ ರಟ್ಟಿನ ಸಮೇತ ನೋಡಿದ್ದಾಗಿಯೂ ಹೇಳಿದ.

ಎರಡು ವರ್ಷ ಒಳಗಿಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಲು ಬಾಯಿ ತೆರೆದೆ. ಬಂದ ಮಾತು ಬೇರೆ. "ಅದು ನಂದಲ್ಲಕ್ಕ, ನಿಂದು" ಅಂದೆ.

ಅದು ಪ್ರಶ್ನೆಯಾಗಿರಲಿಲ್ಲ. ಕೇಳದೆ ಹೇಳಿದ ಮಾತಿಗೆ ಸತ್ತವರು ಉತ್ತರ ಕೊಡಬೇಕೆಂಬ ನಿಯಮ ಅಕ್ಕನ ಆಟದಲ್ಲಿ ಇರಲಿಲ್ಲ.