ಧೂಳಣ್ಣನ ತಮ್ಮ

ನಮ್ಮ ಪ್ರಯೋಗಾಲಯದಲ್ಲಿ ಅವನಿಗೆ ಧೂಳಣ್ಣ ಎಂದೇ ಹೆಸರು. ಎಲ್ಲಿ ಕಟ್ಟಡ ಏಳುತ್ತದೋ ಅಲ್ಲಿಗೆ ಹೋಗಿ, ಗಾಳಿಯಲ್ಲಿ ಎಷ್ಟು ಧೂಳಿದೆ ಎಂದು ಅಳೆಯುವುದು ಅವನ ಉದ್ಯೋಗ. ಯಂತ್ರ ಹೊತ್ತು ಅವನ ಹಿಂದೆ ತಿರುಗುವುದು ನನ್ನದು. ಒಳ್ಳೆಯ ಮನುಷ್ಯ, ಕೂರುವ ಮೊದಲು ಕುರ್ಚಿ ಒರೆಸುವಷ್ಟು ಅಚ್ಚುಕಟ್ಟು. ತಮ್ಮನ ಮಾತು ಬಂದಾಗ ಮಾತ್ರ ಹೊಟ್ಟೆಕಿಚ್ಚಿನಿಂದ ಅವನ ಮುಖವೇ ಬದಲಾಗುತ್ತಿತ್ತು.

ಆ ತಮ್ಮ ಓದಿನಲ್ಲಿ ಹಿಂದೆ, ಜಗಳದಲ್ಲಿ ಮುಂದೆ. ಹಿಡಿದ ಕೆಲಸವನ್ನೆಲ್ಲ ಬಿಟ್ಟು, ಕಡೆಗೆ ಕಟ್ಟಡದ ಮೇಸ್ತ್ರಿಯಾಗಿ ನೆಲೆ ನಿಂತಿದ್ದ. ಅಮ್ಮ ಇರುವುದು ಅವನ ಜೊತೆಯಲ್ಲೇ. ಧೂಳಣ್ಣ ಫೋನ್ ಮಾಡಿದರೆ ಅಮ್ಮ ಮೊದಲು ಕೇಳುವುದು, ತಮ್ಮನ ಹತ್ತಿರ ಮಾತಾಡಿದೆಯಾ ಎಂದು. ಚಳಿಗೆಂದು ಅವನು ಅಮ್ಮನಿಗೆ ಕೊಡಿಸಿದ ಕಂಬಳಿ ಮರುವಾರ ತಮ್ಮನ ಮಂಚದ ಮೇಲಿತ್ತಂತೆ. ಆ ಕಂಬಳಿಯ ಕಥೆ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ. ತಲೆ ನರೆತ ಮೇಲೂ, ಅಮ್ಮ ಯಾರ ತಟ್ಟೆಗೆ ಮೊದಲು ಬಡಿಸಿದರು ಎಂದು ಓರೆಗಣ್ಣಲ್ಲಿ ನೋಡುವ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹೀಗಿರುವಾಗ ಅಮ್ಮನ ಬೀದಿಯವರೇ ದೂರು ಕೊಟ್ಟರು. ಅಮ್ಮನ ಮನೆಯ ಪಕ್ಕದಲ್ಲೇ ದೊಡ್ಡ ಕಟ್ಟಡ ಏಳುತ್ತಿತ್ತು, ಮೇಸ್ತ್ರಿ ಇದೇ ತಮ್ಮ. ಧೂಳಿನಿಂದ ಉಸಿರಾಡಲು ಆಗುತ್ತಿಲ್ಲ ಎಂಬುದು ದೂರು. ನಮ್ಮ ಅಳತೆ ಮಿತಿ ಮೀರಿದರೆ ಕೆಲಸ ನಿಲ್ಲುತ್ತದೆ; ಎಲ್ಲರಿಗಿಂತ ಮೊದಲು ಕೆಲಸ ಕಳೆದುಕೊಳ್ಳುವವನು ಮೇಸ್ತ್ರಿ. ಸ್ವಂತ ತಮ್ಮನ ವಿಷಯ, ಬೇರೆಯವರಿಗೆ ಒಪ್ಪಿಸು ಎಂದು ನಾನು ಬಡಕೊಂಡೆ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. ಯಂತ್ರ ಎಲ್ಲಿಡುವುದೆಂದು ಯೋಚಿಸುವ ನಾಟಕವಾಡಿ ಅಮ್ಮನ ಮನೆಯ ತಾರಸಿಯನ್ನೇ ಆರಿಸಿದ. ಗಾಳಿ ಆ ಕಡೆಗೇ ಬೀಸುತ್ತಿತ್ತು ಎನ್ನುವುದೂ ನಿಜವೇ.

ವಾರದ ಅಂಕಿ ಬಂದಾಗ ಅವನಿಗೆ ಹಾಲು ಕುಡಿದಷ್ಟು ಸಂತೋಷ. ಹಗಲೆಲ್ಲ ಮಿತಿಯೊಳಗೇ ತೆವಳುವ ಗೆರೆ ಪ್ರತಿ ಸಂಜೆ ಗೋಡೆಯ ಹಾಗೆ ಎದ್ದು ನಿಂತಿತ್ತು. ಅಷ್ಟರಿಂದಲೇ ಸರಾಸರಿ ಮಿತಿ ದಾಟಿತ್ತು.

“ಕೆಲಸ ಮುಗೀತು ಅಂತ ಹೇಳಿ ಸಂಜೆ ಕದ್ದು ಕಲ್ಲು ಕೊಯ್ಸ್ತಿದಾನೆ ಕಣೋ. ಈ ಸಲ ಸಿಕ್ಕಿಬಿದ್ದ,” ಎಂದ.

ಆ ಖುಷಿ ನನಗೆ ಹಿಡಿಸಲಿಲ್ಲ. ಕಣ್ಣಾರೆ ನೋಡಿ ಹಿಡಿಯಬೇಕೆಂದು ಅಂದೇ ಸಂಜೆ ನನ್ನನ್ನೂ ಎಳೆದುಕೊಂಡು ಹೋದ.

ಹೋಗಿ ನೋಡಿದರೆ ಕಟ್ಟಡದ ಗೇಟಿಗೆ ಬೀಗ. ಒಂದು ನರಪಿಳ್ಳೆಯೂ ಇರಲಿಲ್ಲ. ಅಮ್ಮನ ಮನೆಯ ಮೆಟ್ಟಿಲು ಹತ್ತಿ ತಾರಸಿಗೆ ಕಾಲಿಟ್ಟರೆ, ಯಂತ್ರದ ಪಕ್ಕದಲ್ಲಿ ಅಮ್ಮ ನಿಂತು ತಮ್ಮ ಬಿಚ್ಚಿಹಾಕಿದ ಅಂಗಿ ಕೊಡವುತ್ತಿದ್ದರು. ತೋಳು ಕೊಡವಿದರು, ಕಾಲರು ಕೊಡವಿದರು, ಜೇಬನ್ನು ಹೊರಗೆಳೆದು ಮೂಲೆ ಮೂಲೆ ಉಜ್ಜಿದರು. ಆಮೇಲೆ ಪ್ಯಾಂಟನ್ನು ಮೋಟುಗೋಡೆಗೆ ಬಡಿದರು. ಎದ್ದ ಸಿಮೆಂಟು ಧೂಳೆಲ್ಲ ನೆಟ್ಟಗೆ ಯಂತ್ರದ ಬಾಯಿಗೆ ಹೋಯಿತು. ನನಗೆ ನಗು ತಡೆಯಲಾಗಲಿಲ್ಲ. ಪಕ್ಕಕ್ಕೆ ತಿರುಗಿ ಧೂಳಣ್ಣನ ಮುಖ ನೋಡಿದ ಮೇಲೆ ಸುಮ್ಮನಾದೆ. ಅವನು ಮೀಟರನ್ನು ನೋಡುತ್ತಿರಲಿಲ್ಲ, ಅಮ್ಮನ ಕೈಗಳನ್ನೇ ನೋಡುತ್ತಿದ್ದ.

ತುಟಿ ಪಿಟಕ್ಕೆನ್ನದೆ ಇಳಿದು ಬಂದಿದ್ದರೆ ಅವನ ಆಸೆ ನೆರವೇರುತ್ತಿತ್ತು. ಅಂಕಿ ಕೈಯಲ್ಲಿತ್ತು, ನಾನು ಬಾಯಿ ಬಿಡುವವನಲ್ಲ ಎಂದೂ ಅವನಿಗೆ ಗೊತ್ತಿತ್ತು. ಮೆಟ್ಟಿಲ ಕಡೆ ಎರಡು ಹೆಜ್ಜೆ ಇಟ್ಟವನು ಮತ್ತೆ ತಿರುಗಿದ. ಕೊನೆಗೆ ಹತ್ತಿರ ಹೋಗಿ, ಇಲ್ಲಿ ಬಟ್ಟೆ ಕೊಡವಬೇಡ, ಈ ಧೂಳೂ ಕಟ್ಟಡದ ಲೆಕ್ಕಕ್ಕೆ ಸೇರುತ್ತದೆ ಎಂದ. ತಮ್ಮನ ಕೆಲಸಕ್ಕೇನಾದರೂ ಸಂಚಕಾರ ಬಂತೇ ಎಂದು ಅಮ್ಮ ಗಾಬರಿಬಿದ್ದರು. ಇಲ್ಲ ಎಂದ ಮೇಲೇ ಅವರು ನಮ್ಮಿಬ್ಬರಿಗೆ ಕೂರಲು ಹೇಳಿದ್ದು. ಅದನ್ನೂ ಅವನು ಮನಸ್ಸಿಗೆ ಹಚ್ಚಿಕೊಂಡ, ನಾನು ನೋಡಿದೆ.

ಹಳೆಯ ಅಂಕಿಗಳನ್ನೆಲ್ಲ ರದ್ದು ಮಾಡಿ ಹೊಸದಾಗಿ ಅಳೆದೆವು. ಧೂಳು ಮಿತಿಯೊಳಗೇ ಇತ್ತು. ಪರದೆ ಕಟ್ಟಬೇಕು, ನೀರು ಚಿಮುಕಿಸಬೇಕು ಎಂದು ಬೇಕಾದ್ದಕ್ಕಿಂತ ನಾಲ್ಕು ಷರತ್ತು ಹೆಚ್ಚೇ ಬರೆದು, ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದ. ತಮ್ಮನ ಕೆಲಸ ಉಳಿಯಿತು.

ಯಂತ್ರ ವಾಪಸು ತರಲು ಹೋದಾಗ ತಮ್ಮ ಒಳಗೆ ಸ್ನಾನ ಮಾಡುತ್ತಿದ್ದ. ಅಮ್ಮ ಬೀದಿಗೇ ಇಳಿದು ಬಂದು ಅವನ ಪ್ಯಾಂಟು ಕೊಡವುತ್ತಿದ್ದರು. ಧೂಳಣ್ಣ ಇಷ್ಟು ವರ್ಷ ನುಂಗಿಕೊಂಡಿದ್ದನ್ನು ನನ್ನ ಎದುರಿಗೇ ಕೇಳಿಬಿಟ್ಟ.

“ಅಮ್ಮ, ನನ್ನ ಬಟ್ಟೆ ಯಾವತ್ತಾದ್ರೂ ಹೀಗೆ ಕೊಡವಿದ್ದೀಯಾ?”

ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದರು. “ನಿನ್ನ ಬಟ್ಟೇಲಿ ಕೊಡವೋಕೆ ಏನಿರುತ್ತಪ್ಪಾ? ಸ್ಕೂಲಿಂದ ಬಂದ್ರೂ ಹೋದ ಹಾಗೇ ಇರ್ತಿದ್ದೆ. ನನಗೆ ಅಂತ ಒಂದು ಕೆಲಸಾನೂ ಇಟ್ಟವನಲ್ಲ ನೀನು.”

ಪಕ್ಕದ ಗೇಟಿನ ಹೊರಗೆ ಸಿಮೆಂಟು ಚೀಲ ಪೇರಿಸಿದ್ದರು. ಧೂಳಣ್ಣ ನೆಟ್ಟಗೆ ಅಲ್ಲಿಗೆ ಹೋದ, ಚೀಲಗಳಿಗೆ ಬೆನ್ನು ಕೊಟ್ಟು ಒರಗಿದ, ಆ ಭುಜ ಈ ಭುಜ ಎರಡನ್ನೂ ಚೆನ್ನಾಗಿ ತಿಕ್ಕಿಕೊಂಡ. ಇಸ್ತ್ರಿ ಮಾಡಿದ ಅಂಗಿ ಬೂದಿ ಬಣ್ಣಕ್ಕೆ ತಿರುಗಿತು. ಹಾಗೇ ವಾಪಸು ಬಂದು ಅಮ್ಮನ ಮುಂದೆ ನಿಂತ.

ವಯಸ್ಸಾದ ಮೇಲೆ ನಿನ್ನ ಬುದ್ಧಿಗೇನಾಯಿತೋ ಎಂದು ಅಮ್ಮ ಬೈದರು. ಬೈಯುತ್ತಲೇ ತಮ್ಮನ ಪ್ಯಾಂಟನ್ನು ನನ್ನ ಕೈಗೆ ತುರುಕಿ, ಎರಡೂ ಕೈಯಿಂದ ಅವನ ಬೆನ್ನು ಬಡಿಯತೊಡಗಿದರು. ಧೂಳಣ್ಣ ಕಣ್ಣು ಮುಚ್ಚಿಕೊಂಡು, ಇನ್ನೂ ಸ್ವಲ್ಪ ಕೆಳಗೆ, ಇನ್ನೂ ಸ್ವಲ್ಪ ಈ ಕಡೆ ಎನ್ನುತ್ತಾ ನಿಂತಿದ್ದ. ಸ್ನಾನ ಮುಗಿಸಿ ಬಂದ ತಮ್ಮ ಬಾಗಿಲಲ್ಲಿ ನಿಂತು, ತನ್ನ ಪ್ಯಾಂಟು ಎಲ್ಲಿ ಎಂದು ಮುಖ ಊದಿಸಿಕೊಂಡು ಕೇಳಿದ.