ಗೇಟಿನಲ್ಲಿ ಕೇಳುತ್ತಿದ್ದ ಪ್ರಶ್ನೆ

ನಮ್ಮ ಪಿಟಿ ಮೇಷ್ಟ್ರ ಅಂಗೈ ಎಷ್ಟು ಒರಟೆಂದರೆ, ಕೆನ್ನೆಗೆ ಬಿದ್ದಾಗ ಏಟಿಗಿಂತ ಮೊದಲು ಚರ್ಮ ತರಚಿದ ಉರಿ ಗೊತ್ತಾಗುತ್ತಿತ್ತು. ಟಿ. ದಾಸರಹಳ್ಳಿಯ ನಮ್ಮ ಶಾಲೆಯಲ್ಲಿ ಆ ಉರಿ ಕಾಣದ ಹುಡುಗರಿರಲಿಲ್ಲ. ಮೇಷ್ಟ್ರು ಗದಗದ ಕಡೆಯವರು. ಬೆಳಗ್ಗೆ ಗೇಟಿನಲ್ಲಿ ನಿಂತರೆ ಬೆಲ್ಟು, ಶೂ, ಕೂದಲು ಯಾವುದೂ ಅವರ ಕಣ್ಣು ತಪ್ಪುತ್ತಿರಲಿಲ್ಲ. ಮಕ್ಕಳ ಮೇಲೆ ಕೈ ಮಾಡುವುದು ತಪ್ಪೆಂದು ಇವತ್ತಿಗೂ ಜಗಳ ಆಡುವವನು ನಾನು. ಅವರ ವಿಷಯಕ್ಕೆ ಬಂದರೆ ಮಾತ್ರ ಆ ಜಗಳವನ್ನು ಅರ್ಧಕ್ಕೇ ಬಿಡುತ್ತೇನೆ.

ನಾನು ಹತ್ತನೇ ತರಗತಿಯಲ್ಲಿದ್ದಾಗ ಚುನಾವಣೆ ಬಂತು. ಏರಿಯಾದ ಲೀಡರ್ ಒಬ್ಬರ ಕಡೆಯವರು ಹಂಚಿದ ಟೀ ಶರ್ಟನ್ನು ಯೂನಿಫಾರ್ಮಿನ ಒಳಗೆ ಹಾಕಿಕೊಂಡು ಹೋದೆ. ತೆಳು ಬಿಳಿ ಅಂಗಿಯ ಒಳಗಿಂದ ಲೀಡರ್ ಹಲ್ಲು ಕಿರಿಯುತ್ತಿದ್ದರು.

"ಇದನ್ನ ಯಾರು ಕೊಟ್ರಲೇ?" ಮೇಷ್ಟ್ರು ತಡೆದರು.

"ನನ್ನಿಷ್ಟ ಸಾರ್. ನಮ್ಗೂ ಅಭಿಪ್ರಾಯ ಇರುತ್ತೆ."

"ಇರಬೇಕು. ಯಾರು ಕೊಟ್ರು ಅಂತ ಕೇಳೀನಿ."

"ಲೀಡರ್ ಕಡೆಯವ್ರು. ಬಿರಿಯಾನಿ ಜೊತೆ ಕೊಟ್ರು."

ಕೆನ್ನೆಗೆ ಬಿತ್ತು. "ಅಂದ್ರ ಇದು ಅವರ ಅಭಿಪ್ರಾಯ. ಅವರು ಪೋಸ್ಟರ್ ಹಚ್ಚೋ ಗ್ವಾಡಿ ನೀನು. ಬಿಚ್ಚು!"

ಕೆಲವೇ ದಿನಗಳಲ್ಲಿ ಅದೇ ಲೀಡರ್ ನೋಟ್‌ಬುಕ್ ಹಂಚಲು ಶಾಲೆಗೇ ಬಂದರು. ಜೊತೆಗೆ ನಮಗೆಲ್ಲ ಹೊದಿಸಿ ಫೋಟೋ ತೆಗೆಸಲು ಪಕ್ಷದ ಶಾಲುಗಳ ಮೂಟೆ. ಆಡಳಿತ ಮಂಡಳಿಯವರು ಕೈಮುಗಿದು ನಿಂತಿದ್ದರು. ಮೇಷ್ಟ್ರು ಗೇಟಿಗೆ ಅಡ್ಡ ನಿಂತರು.

"ನೀವು ಬರ್ರಿ, ಪುಸ್ತಕಾನೂ ಬರ್ಲಿ. ಶಾಲು ಹೊರಗ ಇರ್ಲಿ. ರೂಲ್ ಐತ್ರಿ."

"ಅಣ್ಣಂಗೇ ರೂಲ್ ಹೇಳ್ತೀಯೇನೋ?" ಎಂದು ಹಿಂಬಾಲಕನೊಬ್ಬ ಅವರ ಎದೆಗೆ ಒದ್ದ. ಬಿದ್ದ ಮೇಷ್ಟ್ರನ್ನು ಉಳಿದವರು ಬಾವುಟದ ಕೋಲುಗಳಲ್ಲಿ ಬಡಿದರು. ಕೋಲು ಮುರಿದ ಮೇಲೆ ಬೂಟುಗಾಲಲ್ಲಿ ತುಳಿದರು. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿಯಿತು. ಒಬ್ಬ ಬಲಗೈ ಮೇಲೆ ಹತ್ತಿ ನಿಂತ. ಮೂಳೆ ಮುರಿದ ಸದ್ದು ಸಾಲಿನಲ್ಲಿ ನಿಂತಿದ್ದ ನಮಗೆಲ್ಲ ಕೇಳಿಸಿತು. ಚಿಕ್ಕ ಮಕ್ಕಳು ಚೀರಿದರು. ಆಗಲೂ ಮೇಷ್ಟ್ರ ಎಡಗೈ ಗೇಟಿನ ಸರಳನ್ನು ಬಿಟ್ಟಿರಲಿಲ್ಲ. ಲೀಡರ್ ಕಾರು ಹತ್ತಿ ಹೋದರು. ಶಾಲು ಒಳಗೆ ಬರಲಿಲ್ಲ.

ಶಾಲೆಯವರು ಪೊಲೀಸರಿಗೆ ದೂರು ಕೊಡಲಿಲ್ಲ. ನಮಗೆ ಮೈ ಉರಿಯಿತು. ಮೇಷ್ಟ್ರು ಪ್ಲಾಸ್ಟರ್ ಹಾಕಿದ ಕೈಯೊಂದಿಗೆ ಗೇಟಿಗೆ ಮರಳಿದ ದಿನ ನಮ್ಮ ತರಗತಿಯವರೆಲ್ಲ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಹೋದೆವು. ನಾನೇ ಮುಂದಿದ್ದೆ.

"ಬಿಚ್ಚಿಸ್ರೀ ಅದನ್ನ!" ಪ್ರಿನ್ಸಿಪಾಲರು ಮೆಟ್ಟಿಲ ಮೇಲಿಂದ ಕೂಗಿದರು. "ರೂಲ್ ರೂಲ್ ಅಂತ ನೀವೇ ಹೇಳ್ತಿದ್ರಲ್ಲ!"

ಮೇಷ್ಟ್ರ ಎಡಗೈ ಮೇಲೆದ್ದಿತು. ನಾನು ಕಣ್ಣು ಮುಚ್ಚಿದೆ.

"ಇದನ್ನ ಯಾರು ಕೊಟ್ರಲೇ?"

"ಯಾರೂ ಇಲ್ಲ ಸಾರ್. ನಮ್ಮನೆ ಛತ್ರಿ ಹರಿದು ಮಾಡ್ಕೊಂಡೆ."

"ಅವ್ವ ಬೈದಳೇನು?"

"ಹೊಡೆದ್ರು ಸಾರ್."

ಮೇಷ್ಟ್ರು ಬಗ್ಗಿದರು. ನನ್ನ ಪಟ್ಟಿಯ ಗಂಟು ಸಡಿಲಾಗಿತ್ತು. ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಎಡಗೈಯಲ್ಲಿ ಎಳೆದು ಬಿಗಿದರು. "ಹೋಗ್ ಒಳಗ" ಎಂದರು.

ಶಿಸ್ತು ಕಾಪಾಡಲಿಲ್ಲವೆಂದು ಆ ವಾರವೇ ಅವರನ್ನು ಕೆಲಸದಿಂದ ತೆಗೆದರು. ಊರಿಗೆ ಹೋದ ಮೇಲೂ ಕೈ ನೆಟ್ಟಗಾಗಲಿಲ್ಲವಂತೆ. ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಈಗಲೂ ಗುಂಪಿನಲ್ಲಿ ಯಾರಾದರೂ ಘೋಷಣೆ ಎತ್ತಿದಾಗ ಕೂಗಲು ಬಾಯಿ ತೆರೆಯುತ್ತೇನೆ. ಕೆನ್ನೆ ಚುರ್ರೆನ್ನುತ್ತದೆ. ಇದನ್ನು ನನಗೆ ಯಾರು ಕೊಟ್ಟರು ಎಂದು ಕೇಳಿಕೊಳ್ಳುತ್ತೇನೆ. ಯಾರೂ ಕೊಟ್ಟಿದ್ದಲ್ಲ, ನನ್ನದೇ ಎನಿಸಿದರೆ ಮಾತ್ರ ಗಂಟಲು ಹರಿಯುವಂತೆ ಕೂಗುತ್ತೇನೆ.