ಅಳಿಯಂದಿರ ಕುಂಟು

ಕುದುರೆ ನೋಡಲು ಬಂದವರು ಕುದುರೆಯನ್ನು ನೋಡುತ್ತಾರೆ. ಹಗ್ಗ ಹಿಡಿದವಳನ್ನು ಯಾರು ನೋಡುತ್ತಾರೆ ಹೇಳಿ? ಇಪ್ಪತ್ತೆರಡು ವರ್ಷ ಹಗ್ಗದಕ್ಕನನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ಅವಳಿಗೂ ಬೇಕಾಗಿದ್ದದ್ದು ಅದೇ.

ಕೈಕಾಲು ಸ್ವಾಧೀನವಿಲ್ಲದ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ, ಮರಳಿನ ಅಂಗಳದಲ್ಲಿ ಮೆಲ್ಲಗೆ ಸುತ್ತಿಸಿ, ಆ ನಡಿಗೆಯಿಂದಲೇ ಅವರ ಬೆನ್ನಿಗೂ ಸೊಂಟಕ್ಕೂ ಬಲ ತರಿಸುವ ಕೇಂದ್ರ ಅದು. ಲಾಯದಲ್ಲಿ ಐದು ಕುದುರೆ. ಲಾಯದ ಗೋಡೆಗೇ ಅಂಟಿಸಿ ಕಟ್ಟಿದ ಒಂದು ಕೋಣೆ. ಅದರಲ್ಲಿ ಒಂದು ಮಂಚ, ಒಂದು ಸ್ಟವ್, ಎರಡು ಕಿಟಕಿ: ಒಂದು ಲಾಯದೊಳಕ್ಕೆ, ಇನ್ನೊಂದು ಹಿಂದಿನ ಬಯಲಿಗೆ. ಕುದುರೆ ನಡೆಸುವವರಿಗೆ ಮಾತ್ರ ಈ ಕೋಣೆ ಎಂದು ಕೇಂದ್ರದ ಮೇಡಂ ಮೊದಲ ದಿನವೇ ಹೇಳಿದ್ದರು. ಅವಳು ಹೂಂ ಅಂದಿದ್ದಳು. ಅನ್ನದೆ ಏನು ಮಾಡುತ್ತಾಳೆ? ಆಗ ಮೂವತ್ತು ವರ್ಷ. ಅತ್ತಿಗೆಯ ಜೊತೆ ಜಗಳವಾಡಿ, ಇನ್ನು ನಿಮ್ಮ ಹೊಸ್ತಿಲು ತುಳಿಯುವುದಿಲ್ಲ ಎಂದು ಅಣ್ಣನ ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದಿದ್ದಳು. ಅಣ್ಣ ಕರೆಯಲಿಲ್ಲ, ಇವಳು ಹೋಗಲಿಲ್ಲ. ಅಂಥ ಮಾತು ಬಾಯಿಗೆ ಬಂದಾಗ ಒಂದು ಲೋಟ ನೀರು ಕುಡಿದು ಸುಮ್ಮನಾಗಬೇಕು. ಯಾರು ಕುಡಿಯುತ್ತಾರೆ!

ಎಂಟು ವರ್ಷ ಕಳೆದ ಮೇಲೆ ಐದರಲ್ಲಿ ಅವಳ ಪಾಲಿಗೆ ಬಂದದ್ದು ಕಂದು ಕುದುರೆ. ಕಾಗದದಲ್ಲಿ ಅದಕ್ಕೇನೋ ದೊಡ್ಡ ಹೆಸರಿತ್ತು. ಅವಳು ಕರೆಯುತ್ತಿದ್ದದ್ದು ಅಳಿಯಂದ್ರು ಅಂತ. ಹುಲ್ಲು ಹಾಕಿದ ಕೂಡಲೇ ಬಾಯಿ ಹಾಕುವ ಪೈಕಿ ಅಲ್ಲ ಅವರು. ಮಾವನ ಮನೆಗೆ ಬಂದ ಅಳಿಯನ ಹಾಗೆ ಇನ್ನೊಂದು ಸಲ ಹೇಳಿಸಿಕೊಂಡೇ ತಿನ್ನಬೇಕು. "ಊಟ ಮಾಡಿ ಅಳಿಯಂದ್ರೇ, ನಮ್ಮಿಂದ ಏನು ಕಮ್ಮಿ ಆಯ್ತು?" ಎಂದು ಅವಳು ದಿನಾ ಉಪಚಾರ ಹೇಳಬೇಕು. ಅವಳ ಭುಜಕ್ಕೆ ಮೂತಿ ತಾಗಿಸಿಕೊಂಡು, ಹೆಜ್ಜೆಗೆ ಹೆಜ್ಜೆ ಹಾಕುತ್ತಾ ಹದಿನಾಲ್ಕು ವರ್ಷ ಸುತ್ತಿದ್ದರು ಅಳಿಯಂದಿರು. ಅವಳು ನಿಂತರೆ ನಿಲ್ಲುವರು, ನಿಧಾನಿಸಿದರೆ ನಿಧಾನಿಸುವರು. ಮೇಡಂ ಅದನ್ನು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಿದ್ದರು.

ಮೊದಲು ವಾಲಿದ್ದು ಕನ್ನಡಕದ ಹುಡುಗಿ. ಎಂಟು ವರ್ಷ, ಎರಡು ಕಾಲೂ ಕೊರಡಿನಂತೆ ಬಿಗಿ. ಅಳಿಯಂದಿರ ಬೆನ್ನ ಮೇಲೆ ನೆಟ್ಟಗೆ ಕೂರುವುದನ್ನು ಕಲಿಯಲು ಎರಡು ವರ್ಷ ಹಿಡಿದಿತ್ತು ಆ ಮಗುವಿಗೆ. ಈಗ ಇದ್ದಕ್ಕಿದ್ದಂತೆ ಬಲಕ್ಕೆ ಜಾರತೊಡಗಿದಳು. ಮೇಡಂ ಕಣ್ಣು ಮಗುವಿನಿಂದ ಕುದುರೆಯ ಕಾಲಿಗೆ ಇಳಿಯಿತು. ಬಲಗಡೆಯ ಹಿಂಗಾಲು ಎಳೆಯುತ್ತಿತ್ತು.

ಕುದುರೆ ಡಾಕ್ಟರು ಬಂದರು. ಗೊರಸು ಕೆರೆದರು, ಲಾಳ ತೆಗೆಸಿ ಹಾಕಿಸಿದರು, ಕೀಲು ಕೀಲನ್ನೂ ಒತ್ತಿದರು. ಏನೂ ಇಲ್ಲ. ನಡೆಸಿ ಅಂದರೆ ಮಾತ್ರ ಕುಂಟು. ನಡೆಸಿದವಳು ಹಗ್ಗದಕ್ಕನೇ, ಮತ್ಯಾರು? ಒಂದು ತಿಂಗಳು ವಿಶ್ರಾಂತಿ ಕೊಟ್ಟು ನೋಡೋಣ, ಆಗಲೂ ಹೀಗೇ ಇದ್ದರೆ ಬೇರೆ ಕಡೆ ಕಳಿಸಿಬಿಡಿ ಎಂದರು. ಹಿಂದೆ ಎರಡು ಕುದುರೆಗಳು ಹಾಗೆ ಲಾರಿ ಹತ್ತಿದ್ದವು. ಆ ಬೇರೆ ಕಡೆ ಎಲ್ಲಿದೆ ಎಂದು ಯಾರೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಕೇಳಿಸಿಕೊಳ್ಳಬೇಕಲ್ಲ.

ಹಗ್ಗದಕ್ಕನ ಬಲ ಮೊಣಕಾಲು ಹಾಳಾಗಿ ಆಗಲೇ ಆರು ತಿಂಗಳು. ಬಟ್ಟೆಯೊಳಗೆ ಪಟ್ಟಿ ಬಿಗಿದುಕೊಂಡು, ಹಲ್ಲು ಕಚ್ಚಿಕೊಂಡು ಸುತ್ತುತ್ತಿದ್ದಳು. ಡಾಕ್ಟರು ಬಂದುಹೋದ ಮರುದಿನ ಬೆಳಿಗ್ಗೆ ಅಂಗಳದ ಮರಳು ಸಮ ಮಾಡಲು ಗೋರೆ ಹಿಡಿದು ಹೋದವಳು ಅಲ್ಲೇ ನಿಂತುಬಿಟ್ಟಳು. ಅವಳ ಬಲಗಾಲು ಎಳೆದ ಗೀರು ಮರಳಲ್ಲಿ ಸಾಲಾಗಿ ಬಿದ್ದಿತ್ತು. ಪಕ್ಕದಲ್ಲೇ ಗೊರಸಿನ ಗೀರು. ಅಷ್ಟೇ ಉದ್ದ, ಅಷ್ಟಷ್ಟೇ ದೂರಕ್ಕೆ. ಸುತ್ತಮುತ್ತ ನೋಡಿ, ಎರಡನ್ನೂ ಗೋರೆಯಿಂದ ಅಳಿಸಿಹಾಕಿದಳು.

ಆ ತಿಂಗಳೆಲ್ಲ ಅಳಿಯಂದಿರು ಹಿಂದಿನ ಬಯಲಿನಲ್ಲಿ ತಮ್ಮ ಪಾಡಿಗೆ ಅಡ್ಡಾಡುತ್ತಿದ್ದರು. ನಾಲ್ಕು ಕಾಲೂ ಸಮ. ಕಿಟಕಿಯಿಂದ ಅದನ್ನು ನೋಡಿದವಳು ಅವಳೊಬ್ಬಳೇ. ಬಾಯಿ ಬಿಟ್ಟರೆ ಹಗ್ಗ ಹೋಗುತ್ತದೆ, ಹಗ್ಗದ ಹಿಂದೆಯೇ ಕೋಣೆ ಹೋಗುತ್ತದೆ. ಐವತ್ತೆರಡನೇ ವಯಸ್ಸಿನಲ್ಲಿ, ಈ ಕಾಲು ಎಳೆದುಕೊಂಡು, ಯಾವ ಹೊಸ್ತಿಲಿಗೆ ಹೋಗುವುದು? ಬಾಯಿ ಬಿಡದಿದ್ದರೆ ಲಾರಿ ಬರುತ್ತದೆ. ನುಂಗಲೂ ಆಗದು, ಉಗುಳಲೂ ಆಗದು. ಹುಲ್ಲು ಹಾಕುವಾಗ ಉಪಚಾರದ ಮಾತೂ ನಿಂತಿತು. ಅಳಿಯಂದಿರು ಸ್ವಲ್ಪ ಹೊತ್ತು ಕಾದು, ಹೇಳಿಸಿಕೊಳ್ಳದೆಯೇ ತಿಂದರು. ಅವಳಿಗೆ ಅದು ಬೈದದ್ದಕ್ಕಿಂತ ಹೆಚ್ಚಾಗಿ ಚುಚ್ಚಿತು.

ತಿಂಗಳು ತುಂಬಿ ಡಾಕ್ಟರು ಮತ್ತೆ ಬಂದ ದಿನ ಅವಳು ಪಟ್ಟಿಯನ್ನು ರಕ್ತ ಕಟ್ಟುವಷ್ಟು ಬಿಗಿದಿದ್ದಳು. ಇವತ್ತೊಂದು ದಿನ ನೆಟ್ಟಗೆ ನಡೆದುಬಿಟ್ಟರೆ ಸಾಕು, ನಾಳೆಯದು ನಾಳೆಗೆ. ಒಂದು, ಎರಡು, ಮೂರು. ನೋವು ಸೊಂಟಕ್ಕೆ ಏರಿತು. ಅಳಿಯಂದಿರು ಸಮವಾಗಿ ಬಂದರು. ಎಂಟು ಹೆಜ್ಜೆಯವರೆಗೆ ಡಾಕ್ಟರ ಮುಖ ಅರಳಿಯೇ ಇತ್ತು. ಒಂಬತ್ತನೆಯದಕ್ಕೆ ಅವಳ ಮೊಣಕಾಲು ಕುಸಿಯಿತು. ಆ ಗಳಿಗೆಯಲ್ಲೇ ಅಳಿಯಂದಿರ ಹಿಂಗಾಲೂ ಕುಸಿಯಿತು.

ಡಾಕ್ಟರು ತಲೆಯಾಡಿಸಿ ಪೆನ್ನು ತೆಗೆದರು. ಈ ವಾರವೇ ಲಾರಿಗೆ ಹೇಳುತ್ತೇನೆ ಎಂದರು ಮೇಡಂ.

ಅವಳು ಹೋಗಿ ಹಗ್ಗವನ್ನು ಮೇಡಂ ಕೈಗಿಟ್ಟಳು. "ನೀವು ನಡೆಸಿ ನೋಡಿ ಮೇಡಂ. ಅವರಿಗೆ ಏನೂ ಆಗಿಲ್ಲ. ಕುಂಟು ನಂದು."

ಮೇಡಂ ಅರ್ಥವಾಗದೆಯೇ ನಡೆಸಿದರು. ಅಂಗಳದ ಆ ತುದಿಯವರೆಗೆ ನಾಲ್ಕು ಕಾಲೂ ಸಮ. ಆಗ ಎಲ್ಲರೂ ತಿರುಗಿ ಇವಳನ್ನು ನೋಡಿದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

"ನೀವು ಸ್ವಲ್ಪ ನಡೀರಿ" ಎಂದರು ಡಾಕ್ಟರು.

ಬರಿಗೈ ಬೀಸಿಕೊಂಡು ನಡೆಯುವುದೇ ಅವಳಿಗೆ ಮರೆತುಹೋಗಿತ್ತು. ಅರ್ಧ ಅಂಗಳ ದಾಟಿರಬೇಕು. ಹಿಂದಿನಿಂದ ಅಳಿಯಂದಿರು ಮೇಡಂ ಕೈಯಿಂದ ಹಗ್ಗ ಕೊಸರಿಕೊಂಡು ಬಂದು, ಅವಳ ಭುಜಕ್ಕೆ ಮೂತಿ ಇಟ್ಟು, ಅವಳ ಜೊತೆ ಕುಂಟತೊಡಗಿದರು. ಡಾಕ್ಟರಿಗೆ ನಗು ಬಂತು. ಅವಳ ಮುಖ ನೋಡಿ ಅದು ಅಲ್ಲೇ ನಿಂತಿತು.

ಮೇಡಂ ಕೆಟ್ಟವರಲ್ಲ. ಕುರ್ಚಿ ತರಿಸಿದರು, ತಾವೇ ಆಸ್ಪತ್ರೆಗೆ ಕರೆದುಕೊಂಡು ಹೋದರು, ಜೀನು ಲಗಾಮು ಒರೆಸುವ ಕೆಲಸ ಕೊಟ್ಟರು. ಲಾರಿ ಬರಲಿಲ್ಲ. ಕೋಣೆಯ ವಿಷಯ ಎತ್ತಿದಾಗ ಆಮೇಲೆ ನೋಡೋಣ ಎಂದರು. ಕುದುರೆ ನಡೆಸಲು ಹೊಸಬಳು ಬಂದಾಗಿತ್ತು, ಆ ಹೊಸಬಳ ಪೆಟ್ಟಿಗೆ ಆಫೀಸಿನ ಮೂಲೆಯಲ್ಲಿ ಕಾಯುತ್ತಿತ್ತು.

"ಒಂದೇ ಒಂದು ಮಾತು ಅಕ್ಕ" ಎಂದಿದ್ದರು ಮೇಡಂ. "ಮಕ್ಕಳ ಪಾಠದ ಹೊತ್ತಲ್ಲಿ ನೀವು ಕುದುರೆಯ ಕಣ್ಣಿಗೆ ಬೀಳಬಾರದು."

ಹೀಗಾಗಿ ಅವಳೀಗ ಜೀನಿನ ಕೋಣೆಯಲ್ಲಿ ಕೂರುತ್ತಾಳೆ. ಅಳಿಯಂದಿರು ಪ್ರತಿ ಸುತ್ತಿಗೂ ಬಾಗಿಲ ಕಡೆ ಕತ್ತು ತಿರುಗಿಸುತ್ತಾರೆಂದು ಬಾಗಿಲಿಗೆ ಹೊರಗಿನಿಂದ ಚಿಲಕ. ಕಿಟಕಿ ಇಲ್ಲ. ಎಣ್ಣೆ ಬಟ್ಟೆಯಿಂದ ತೊಗಲು ಉಜ್ಜುತ್ತಾ ಮರಳಿನ ಮೇಲೆ ಬೀಳುವ ಗೊರಸಿನ ಸದ್ದು ಕೇಳುತ್ತಾಳೆ. ನಾಲ್ಕೂ ಸಮ. ನಾನು ನೆಟ್ಟಗೆ ಕೂತಿದ್ದೀನಿ ಎಂದು ಕನ್ನಡಕದ ಹುಡುಗಿ ಕೂಗುವುದೂ ಕೇಳುತ್ತದೆ. ಒಂದು ಸುತ್ತು, ಇನ್ನೊಂದು ಸುತ್ತು. ಒಂದೇ ಒಂದು ಹೆಜ್ಜೆ ಎಳೆಯಲಪ್ಪಾ ಎಂದು ಅವಳ ಮನಸ್ಸು ಬೇಡಿಕೊಳ್ಳುತ್ತದೆ, ಮರುಗಳಿಗೆ ನಾಚಿಕೆಯಿಂದ ನಾಲಿಗೆ ಕಚ್ಚಿಕೊಳ್ಳುತ್ತಾಳೆ.

ಅಳಿಯಂದಿರು ಎಳೆಯುವುದಿಲ್ಲ.